ಮಳಲಗಟ್ಟಿಯ ಹೆಪ್ಪು

ಯೂಸುಫ್ ನದಾಫನ ನಾಲ್ಕು ಸೀಟಿನ ವಿಮಾನ ಮಳಲಗಟ್ಟಿಯ ಅಂಗಳಕ್ಕೆ ಇಳಿದಾಗ ಮಧ್ಯಾಹ್ನ ಒಂದೂವರೆ. ಮಾರ್ಚ್ ಇನ್ನೂ ಮುಗಿದಿರಲಿಲ್ಲ, ಬಿಸಿಲು ಆಗಲೇ ಮೂವತ್ತೊಂಬತ್ತು ಡಿಗ್ರಿ ದಾಟಿತ್ತು. ಜೊತೆಗೆ ಬಂದ ಡಾಕ್ಟರನ್ನು ಬೇವಿನ ನೆರಳಿಗೆ ಬಿಟ್ಟು ಅವನು ಸೀದಾ ಹೆಪ್ಪಿನ ಮನೆಗೆ ಬಂದು ಬಾಗಿಲಲ್ಲಿ ನಿಂತ.

"ಅಕ್ಕಾರ, ಎಂಜಿನ್ನು ಮಾತಾಡಾಕತ್ತೈತಿ," ಎಂದ.

ದಾನೇಶ್ವರಿ ತೊಟ್ಟಿಯ ಮುಚ್ಚಳ ಒರೆಸುತ್ತಿದ್ದವಳು ತಲೆ ಎತ್ತಲಿಲ್ಲ. "ಏನಂತೈತಿ?"

"ಬ್ಯಾಡಂತೈತಿ. ಏರುವಾಗ ಪೂರ್ತಿ ಜೋರು ಕೊಟ್ಟೆ ಅಂದ್ರ ಒಳಗ ಯಾರೋ ಸುತ್ತಿಗಿ ಬಡದಂಗ ಸಪ್ಪಳ. ಮ್ಯಾಲ ಹೋಗಿ ತಣ್ಣಗಾದ ಮ್ಯಾಲ ಸುಮ್ಮನಾಗತೈತಿ."

ಅವಳು ಕೈಯಲ್ಲಿದ್ದ ಬಟ್ಟೆಯನ್ನು ಕೆಳಗಿಟ್ಟಳು. ಇಪ್ಪತ್ತು ವರ್ಷದಲ್ಲಿ ತನ್ನ ಎಣ್ಣೆಯ ಬಗ್ಗೆ ಅಂಥ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

ಇಲ್ಲಿ ಹೆಪ್ಪು ಎಂದರೆ ಮೊಸರಿನದಲ್ಲ, ವಿಮಾನದ ಎಣ್ಣೆಯದು. ಸಣ್ಣ ವಿಮಾನಗಳ ಪೆಟ್ರೋಲಿಗೆ ಸೀಸ ಬೆರೆಸುವುದನ್ನು ಲೋಕವೆಲ್ಲ ನಿಲ್ಲಿಸಿದ ಮೇಲೆ, ದೊಡ್ಡ ವಿಮಾನದವರು ತಮಗೆ ಬೇಕಾದ್ದನ್ನು ತಾವು ಮಾಡಿಕೊಂಡರು. ಸಣ್ಣವುಗಳನ್ನು ಕೇಳುವವರೇ ಇರಲಿಲ್ಲ. ಬ್ಯಾಟರಿ ಹಾಕಿ ನೋಡಿದರು, ಅದರ ಭಾರಕ್ಕೆ ಡಾಕ್ಟರನ್ನೇ ಇಳಿಸಬೇಕಾಯಿತು. ಹೈಡ್ರೋಜನ್ ತಂದರು, ಬಯಲುಸೀಮೆಯ ಬಿಸಿಲಿನಲ್ಲಿ ಅದನ್ನು ತಣ್ಣಗೆ ಇಟ್ಟುಕೊಳ್ಳುವುದೇ ಒಂದು ಸಂಸಾರವಾಯಿತು. ಕೊನೆಗೆ ಯಾರೋ ಪುಣ್ಯಾತ್ಮರು ಒಂದು ಸೂಕ್ಷ್ಮಾಣುವನ್ನು ತಿದ್ದಿ, ಕಾಕಂಬಿ ತಿಂದು ಪೆಟ್ರೋಲು ಬಿಡುವ ಹಾಗೆ ಮಾಡಿದರು. ಸಕ್ಕರೆ ಕಾರ್ಖಾನೆಯ ಕಾಕಂಬಿ ತೊಟ್ಟಿಗೆ ಸುರಿಯಬೇಕು, ಹಿಂದಿನ ತೊಟ್ಟಿಯ ಒಂದು ಕ್ಯಾನು ಹೆಪ್ಪು ಹಾಕಬೇಕು, ಮುಚ್ಚಿ ಕಾಯಬೇಕು. ನಾಲ್ಕು ದಿನಕ್ಕೆ ಮೇಲೆ ಎಣ್ಣೆ ತೇಲುತ್ತದೆ. ಹಳೆಯ ಎಂಜಿನ್ನುಗಳೇ ಚೂರುಪಾರು ದುರಸ್ತಿಯಾಗಿ ಅದನ್ನು ಕುಡಿದು ಹಾರಿದವು. ಊರೂರಿಗೆ ಒಂದು ಪುಟ್ಟ ಅಂಗಳ, ಅಂಗಳಕ್ಕೊಂದು ಹೆಪ್ಪಿನ ಮನೆ ಎದ್ದಿತು.

ಕೇಂದ್ರ ಪ್ರಯೋಗಾಲಯದವರು ಮೊದಲೇ ಒಂದು ನಿಯಮ ಮಾಡಿದ್ದರು. ಆರು ತಿಂಗಳಿಗೊಮ್ಮೆ ಹಳೆಯ ಹೆಪ್ಪು ಚೆಲ್ಲಿ, ತಮ್ಮ ಶೀತಪೆಟ್ಟಿಗೆಯಿಂದ ಮೂಲ ಹೆಪ್ಪು ತರಿಸಿಕೊಳ್ಳಬೇಕು ಎಂದು. ನಿಯಮ ಗೋಡೆಯ ಮೇಲಿತ್ತು, ಅದರ ಮೇಲೆ ಕ್ಯಾಲೆಂಡರ್ ತೂಗುತ್ತಿತ್ತು. ಹೆಪ್ಪು ನೋಡಿಕೊಳ್ಳುವವರು ಬಹುಪಾಲು ಹೆಂಗಸರು. ನೆರೆಮನೆಯಿಂದ ಹೆಪ್ಪು ತರುವುದು ಬಿಟ್ಟು ಪೆಟ್ಟಿಗೆಯಿಂದ ತರಿಸುವುದು ಎಂದರೆ ಅವರಿಗೆ ನಗು. ಒಂದು ಅಂಗಳದ ಹೆಪ್ಪು ಕೆಟ್ಟರೆ ಇನ್ನೊಂದರಿಂದ ತರುತ್ತಿದ್ದರು. ಕೇಳಿದವರಿಗೆ ಇಲ್ಲ ಎನ್ನಬಾರದು, ದೀಪ ಹಚ್ಚಿದ ಮೇಲೆ ಕೊಡಬಾರದು, ಕ್ಯಾನಿನ ಕುತ್ತಿಗೆಗೆ ಅರಿಶಿನದ ದಾರ ಕಟ್ಟಿಯೇ ಕೊಡಬೇಕು. ಮಳಲಗಟ್ಟಿಯ ಹೆಪ್ಪಿಗೆ ಎಲ್ಲಿಲ್ಲದ ಹೆಸರು, ಯಾಕೆಂದರೆ ಅದು ಬೇಗ ಆಗುತ್ತಿತ್ತು. ಬೇರೆಯವರಿಗೆ ನಾಲ್ಕು ದಿನ ಬೇಕಾದರೆ ದಾನೇಶ್ವರಿಗೆ ಎರಡು ದಿನ ಸಾಕು. ಮೂವತ್ತೆಂಟು ಅಂಗಳಗಳಲ್ಲಿ ಅವಳ ಕೈಯ ಹೆಪ್ಪೇ ಇತ್ತು. ಅಡ್ಡಹೆಸರು ತುಪ್ಪದ, ಮಾಡುವುದು ಹೆಪ್ಪಿನ ಕೆಲಸ ಎಂದು ಅವಳನ್ನು ಸಭೆಗಳಲ್ಲಿ ಚೇಷ್ಟೆ ಮಾಡಿ, ಶಾಲು ಹೊದಿಸಿ ಕಳಿಸಿದ್ದರು.

ಯೂಸುಫನ ಟ್ಯಾಂಕಿನಿಂದ ಒಂದು ಸೀಸೆ ಎಣ್ಣೆ ಇಳಿಸಿಕೊಂಡು ಅವಳು ಹಿಂದಿನ ಶೆಡ್ಡಿಗೆ ಹೋದಳು. ಅಲ್ಲಿ ಒಂದೇ ಸಿಲಿಂಡರಿನ ಪರೀಕ್ಷೆಯ ಎಂಜಿನ್ ಇತ್ತು. ಅವಳ ಗಂಡ ಚನ್ನಮಲ್ಲಪ್ಪ ಕೈ ಗಟ್ಟಿ ಇದ್ದ ಕಾಲದಲ್ಲಿ ಹಳೆಯ ಬಿಡಿಭಾಗ ಕೂಡಿಸಿ ಮಾಡಿದ್ದು. ಎಣ್ಣೆ ಹಾಕಿ ಓಡಿಸಿದಳು. ಸರಿಯಾಗಿಯೇ ಓಡಿತು. ಆಮೇಲೆ ಗಾಳಿ ಎಳೆದುಕೊಳ್ಳುವ ಕೊಳವೆಗೆ ಹೀಟರ್ ಹಚ್ಚಿ, ನಲವತ್ತು ಡಿಗ್ರಿಗೆ ತಂದು, ಜೋರು ಕೊಟ್ಟಳು. ತಗಡಿನ ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದ ಹಾಗೆ ಸಪ್ಪಳ ಬಂತು. ಯೂಸುಫ್ ಅವಳ ಮುಖ ನೋಡಿದ, ಅವಳು ಎಂಜಿನ್ ಆರಿಸಿದಳು.

"ಇದ ಸಪ್ಪಳ ಹೌದಲ್ಲ?" ಎಂದಳು.

"ಇದ."

"ಡಾಕ್ಟರಿಗೆ ಜೀಪು ಮಾಡಿಕೊಡು. ಸಂಜಿ ತಂಪಾದ ಮ್ಯಾಲ ಹಾರಿಸು, ಪೂರ್ತಿ ಜೋರು ಕೊಡಬ್ಯಾಡ."

ಆ ಮಧ್ಯಾಹ್ನ ಅವಳು ಊಟಕ್ಕೆ ಹೋಗಲಿಲ್ಲ. ತೊಟ್ಟಿಗಳ ಹಳೆಯ ರಿಜಿಸ್ಟರುಗಳನ್ನೆಲ್ಲ ಕೆಳಗಿಳಿಸಿ ನೆಲದ ಮೇಲೆ ಕೂತಳು. ಯಾವ ತೊಟ್ಟಿ ಎಷ್ಟು ತಾಸಿಗೆ ಆಯಿತು ಎಂದು ದಿನಾ ಬರೆದಿಡುವ ಅಭ್ಯಾಸ ಅವಳದು. ಮೊದಲ ವರ್ಷ ತೊಂಬತ್ತೆರಡು ತಾಸು. ಐದನೆಯ ವರ್ಷ ಎಂಬತ್ತು. ಹತ್ತಕ್ಕೆ ಅರವತ್ತೈದು. ಈಗ ನಲವತ್ತೊಂಬತ್ತು. ಪ್ರತಿ ವರ್ಷ ಇಳಿದ ಅಂಕಿಯ ಕೆಳಗೆ ಅವಳೇ ಸಂತೋಷದಿಂದ ಕೆಂಪು ಗೆರೆ ಎಳೆದಿದ್ದಳು. ಆ ಗೆರೆಗಳ ಮೇಲೆ ಬೆರಳಿಟ್ಟು ಅವಳು ಮೊದಲ ವರ್ಷದಿಂದ ಮತ್ತೆ ಓದಿದಳು.

ಸಿಲಿಂಡರಿನೊಳಗೆ ಎಣ್ಣೆ ಮಾಡಬೇಕಾದ ಮುಖ್ಯ ಕೆಲಸ ಕಾಯುವುದು. ಕಿಡಿ ಬರುವ ತನಕ ಕಾಯಬೇಕು, ಬಂದ ಮೇಲೆ ಉರಿಯಬೇಕು. ಕವಲೊಡೆದ ಅಣುಗಳ ಎಣ್ಣೆಗೆ ಆ ತಾಳ್ಮೆ ಇರುತ್ತದೆ. ನೇರವಾದ ಅಣುಗಳ ಎಣ್ಣೆಗೆ ಇರುವುದಿಲ್ಲ, ಒತ್ತಡ ಮತ್ತು ಬಿಸಿ ಸೇರಿದರೆ ಕಿಡಿಗಿಂತ ಮೊದಲೇ ತಾನಾಗಿ ಸಿಡಿಯುತ್ತದೆ. ಹಾಗೆ ಸಿಡಿದು ಸಿಡಿದು ಒಂದು ದಿನ ಪಿಸ್ಟನ್ನಿಗೆ ತೂತು ಬೀಳುತ್ತದೆ, ಅದೂ ವಿಮಾನ ನೆಲ ಬಿಟ್ಟು ಏರುವ ಹೊತ್ತಿನಲ್ಲೇ. ಈಗ ಸೂಕ್ಷ್ಮಾಣುವಿನ ಕಷ್ಟ ಏನೆಂದರೆ, ಕವಲೊಡೆದ ಅಣು ಕಟ್ಟುವುದಕ್ಕೆ ಮೈಮುರಿದು ದುಡಿಯಬೇಕು. ನೇರದ್ದನ್ನು ಕಟ್ಟುವುದು ಸಲೀಸು. ಕೋಟಿಗಟ್ಟಲೆಯಲ್ಲಿ ಯಾವುದೋ ಒಂದು ಮೈಗಳ್ಳ ಹುಟ್ಟಿ ನೇರದ್ದನ್ನೇ ಕಟ್ಟತೊಡಗಿದರೆ ಅದಕ್ಕೆ ಶಕ್ತಿ ಉಳಿಯುತ್ತದೆ, ಅದರ ಸಂತಾನ ಬೇಗ ಬೆಳೆಯುತ್ತದೆ, ಆ ತೊಟ್ಟಿ ಬೇಗ ಆಗುತ್ತದೆ.

ಬೇಗ ಆದ ಗಡಿಗೆಯಿಂದಲೇ ಮುಂದಿನ ಹೆಪ್ಪು ತೆಗೆಯಬೇಕೆಂದು ಅವಳಿಗೆ ಅವ್ವ ಕಲಿಸಿದ್ದಳು. ಮೊಸರಿಗೆ ಅದು ಸರಿ. ಇಪ್ಪತ್ತು ವರ್ಷ ದಾನೇಶ್ವರಿ ಆರು ತೊಟ್ಟಿಗಳಲ್ಲಿ ಮೊದಲು ಆದದ್ದನ್ನೇ ಆರಿಸಿ ಹೆಪ್ಪು ತೆಗೆದಿದ್ದಳು, ಮೈಗಳ್ಳರನ್ನು ಒಂದೊಂದಾಗಿ ಹೆಕ್ಕಿ ಸಾಕಿದ್ದಳು. ಅರಿಶಿನದ ದಾರ ಕಟ್ಟಿ ಮೂವತ್ತೇಳು ಊರಿಗೆ ಹಂಚಿದ್ದಳು.

ಸಂಜೆ ಮನೆಗೆ ಬಂದಾಗ ಚನ್ನಮಲ್ಲಪ್ಪ ಅಡುಗೆಮನೆಯಲ್ಲಿ ಕೂತು ಕಡಲೆ ಹಸನು ಮಾಡುತ್ತಿದ್ದ. ಕೈ ನಡುಗಿ ಅರ್ಧ ಕಡಲೆ ನೆಲಕ್ಕೆ ಬಿದ್ದಿತ್ತು. ಸೀಸದ ಪೆಟ್ರೋಲಿನ ಕಾಲದ ಮೆಕ್ಯಾನಿಕ್ ಅವನು. ಎಣ್ಣೆಯಲ್ಲೇ ಬಿಡಿಭಾಗ ತೊಳೆದವನು, ಕೈಗೆ ಗ್ರೀಸ್ ಹತ್ತಿದರೆ ಅದರಲ್ಲೇ ಕೈ ತೊಳೆದುಕೊಂಡವನು. ಐವತ್ತಕ್ಕೇ ಬೆರಳು ನಡುಗತೊಡಗಿದವು, ಹೆಸರುಗಳು ಮರೆಯತೊಡಗಿದವು. ಡಾಕ್ಟರು ರಕ್ತದಲ್ಲಿ ಸೀಸ ಎಂದು ಬರೆದುಕೊಟ್ಟಿದ್ದರು. ದಾನೇಶ್ವರಿ ಹೆಪ್ಪಿನ ಕೆಲಸಕ್ಕೆ ಸೇರಿದ್ದೇ ಆ ಸಿಟ್ಟಿನಿಂದ.

ಅವಳು ರೊಟ್ಟಿ ತಟ್ಟುತ್ತಾ ಎಲ್ಲವನ್ನೂ ಹೇಳಿದಳು. ಅವನು ಕೇಳಿದ. ಅವನಿಗೆ ಎಷ್ಟು ತಿಳಿಯಿತು, ಎಷ್ಟು ಬಿಟ್ಟುಹೋಯಿತು ಎಂದು ಅವಳಿಗೆ ಈಚೆಗೆ ಅಂದಾಜು ಸಿಗುತ್ತಿರಲಿಲ್ಲ.

"ಹೇಳಿದ್ರ ಏನಾಗತೈತಿ?" ಎಂದು ಕೇಳಿದ.

"ಎಲ್ಲಾ ಅಂಗಳ ಮುಚ್ಚತಾರ. ಮೂಲ ಹೆಪ್ಪು ಬೆಳಸಿ ಎಲ್ಲಾರಿಗೂ ಮುಟ್ಟಿಸಾಕ ನಾಕು ತಿಂಗಳರ ಬೇಕು. ಅಲ್ಲೀತನಕ ಡಾಕ್ಟರಿಲ್ಲ, ಔಷಧ ಇಲ್ಲ. ಬ್ಯಾಸಗಿ ಬ್ಯಾರೆ."

"ಹೇಳದಿದ್ರ?"

"ಯಾರದರ ಒಂದು ಬೀಳತೈತಿ. ಯಾವದು ಅಂತ ಗೊತ್ತಿಲ್ಲ."

ಅವನು ನೆಲದ ಕಡಲೆಯನ್ನು ಒಂದೊಂದಾಗಿ ಆರಿಸಿ ಮೊರಕ್ಕೆ ಹಾಕಿದ. ಆಮೇಲೆ ಹೇಳಿದ: "ನಮಗೂ ಗೊತ್ತಿತ್ತು. ಡಬ್ಬಿ ಮ್ಯಾಲ ಬರದಿತ್ತು, ಸೀಸ ಐತಿ ಮುಟ್ಟಬ್ಯಾಡ್ರಿ ಅಂತ. ಬ್ಯಾರೆ ಎಣ್ಣಿ ಇರಲಿಲ್ಲ. ಅದಕ್ಕ ಯಾರೂ ಓದಲಿಲ್ಲ."

ಅವಳು ಒಲೆಯ ಕಡೆ ತಿರುಗಿಕೊಂಡಳು. ಅವನ ಮೇಲೆ ಇಷ್ಟು ವರ್ಷ ಇದ್ದ ಮರುಕದ ಜೊತೆ ಅವತ್ತು ಮೊದಲ ಬಾರಿಗೆ ಸಿಟ್ಟೂ ಬಂತು, ಹಿಂದೆಯೇ ತನ್ನ ಮೇಲೂ ಬಂತು.

ಮರುದಿನ ಕೇಂದ್ರ ಪ್ರಯೋಗಾಲಯದ ಉಪನಿರ್ದೇಶಕ ಜಂಬಗಿಗೆ ಫೋನು ಮಾಡಿದಳು. ಜಂಬಗಿ ಕೆಟ್ಟ ಮನುಷ್ಯನಲ್ಲ, ಸಾಕಾದ ಮನುಷ್ಯ. ಅವನ ಕೆಳಗೆ ಹನ್ನೊಂದು ಜನ ಇರಬೇಕಾದಲ್ಲಿ ಮೂವರಿದ್ದರು.

"ಮೇಡಂ, ನೀವು ಪರೀಕ್ಷೆಗೆ ಕಳಿಸಿದ ಎಣ್ಣಿ ಬಾಟಲಿ ಹೋದ ತಿಂಗಳೂ ಪಾಸಾಗೇತಿ," ಎಂದ.

"ನಿಮ್ಮ ಲ್ಯಾಬಿನ್ಯಾಗ ಎಸಿ ಐತ್ರಿ."

"ಪರೀಕ್ಷೆ ಇಪ್ಪತ್ತೈದು ಡಿಗ್ರಿಯೊಳಗ ಮಾಡಬೇಕು ಅಂತ ನಿಯಮ ಐತಿ."

"ಆ ನಿಯಮ ನಮ್ಮೂರ ಬಿಸಲಿಗೆ ಗೊತ್ತಿಲ್ರಿ."

ಅವನು ಉಸಿರು ಬಿಟ್ಟದ್ದು ಕೇಳಿಸಿತು. "ನೋಡ್ರಿ, ನೀವು ಬಾಯಿಲೆ ಹೇಳಿದ್ದನ್ನ ನಾ ಕೇಳಿಲ್ಲ. ಬರದು ಕಳಿಸಿದ್ರ ಮುಚ್ಚಿಡಾಕ ಬರೂದಿಲ್ಲ, ಅವತ್ತ ಎಲ್ಲಾ ನಿಲ್ಲಸಬೇಕಾಗತೈತಿ. ನಿಮ್ಮ ಹೆಸರೂ ಬರತೈತಿ. ಎರಡು ದಿನ ವಿಚಾರ ಮಾಡ್ರಿ."

ಅವಳು ಎರಡು ದಿನ ವಿಚಾರ ಮಾಡಿದಳು. ಹಾಗೆ ತಡಮಾಡಿದ್ದನ್ನು ಮುಚ್ಚಿಡುವುದರಲ್ಲಿ ಅರ್ಥವಿಲ್ಲ. ಆ ಎರಡು ದಿನ ಯೂಸುಫ್ ಬೆಳಗಿನ ತಂಪಿನಲ್ಲಿ, ಸಂಜೆಯ ತಂಪಿನಲ್ಲಿ ಐದು ಸಲ ಏರಿದ. ಐದು ಸಲವೂ ಅವಳು ಹೆಪ್ಪಿನ ಮನೆಯ ಬಾಗಿಲು ಹಿಡಿದು ನಿಂತು, ವಿಮಾನವು ಸಕ್ಕರೆ ಕಾರ್ಖಾನೆಯ ಚಿಮಣಿ ದಾಟುವ ತನಕ ಎಂಜಿನ್ನಿನ ಸಪ್ಪಳಕ್ಕೆ ಕಿವಿಗೊಟ್ಟಳು. ಉಳಿದ ಮೂವತ್ತೇಳು ಅಂಗಳಗಳಲ್ಲಿ ಹಾಗೆ ನಿಲ್ಲುವವರು ಯಾರೂ ಇಲ್ಲ ಎಂಬುದು ಐದನೆಯ ಸಲ ಹೊಳೆಯಿತು. ಒಳಗೆ ಹೋಗಿ ಕಾಗದ ಬರೆದು ಕಳಿಸಿದಳು.

ಆದೇಶ ಮೂರು ಸಾಲಿನದು. ಮಳಲಗಟ್ಟಿಯ ಹೆಪ್ಪಿನಿಂದ ಬಂದ ಎಲ್ಲ ಹೆಪ್ಪನ್ನೂ ಕೊಲ್ಲತಕ್ಕದ್ದು, ಮೂಲ ಹೆಪ್ಪು ಮುಟ್ಟುವ ತನಕ ಹಾರಾಟ ನಿಲ್ಲಿಸತಕ್ಕದ್ದು ಎಂದಿತ್ತು. ಅವಳು ತನ್ನ ಆರು ತೊಟ್ಟಿಗಳಿಗೂ ಹಬೆ ಬಿಟ್ಟಳು. ಸುಟ್ಟ ಬೆಲ್ಲದ ವಾಸನೆ ಮೂರು ದಿನ ಅಂಗಳ ಬಿಟ್ಟು ಹೋಗಲಿಲ್ಲ. ಮೂವತ್ತೇಳು ಕಡೆಗೂ ಅವಳೇ ಫೋನು ಮಾಡಿದಳು, ಸರ್ಕಾರಿ ಕಾಗದದಿಂದ ಅವರಿಗೆ ಗೊತ್ತಾಗುವುದು ಬೇಡವೆಂದು. ಕೆಲವರು ಬೈದರು. ಕೆಲವರು ಅತ್ತರು. ಒಬ್ಬಾಕೆ ನಿಮ್ಮನ್ನು ನಂಬಿ ಕೆಟ್ಟೆವು ಎಂದಳು. ಕರಿಹಾಳದ ಅಂಗಳ ನೋಡಿಕೊಳ್ಳುವ ಕಸ್ತೂರಿ ಹಡಗಲಿ ಎಂಬಾಕೆ ಮಾತ್ರ ಎಲ್ಲ ಕೇಳಿಸಿಕೊಂಡು, "ಆತ್ರಿ ಅಕ್ಕಾರ," ಎಂದಷ್ಟೇ ಹೇಳಿ ಫೋನು ಇಟ್ಟಳು. ಅಷ್ಟರಲ್ಲಿ ದಾನೇಶ್ವರಿಯ ಗಂಟಲು ಬಿದ್ದುಹೋಗಿತ್ತು. ಒಬ್ಬಳಾದರೂ ಜಗಳ ಮಾಡಲಿಲ್ಲವಲ್ಲ ಎಂದು ಅವಳಿಗೆ ಹಾಯೆನಿಸಿತು.

ಏಪ್ರಿಲ್ ಕಳೆಯಿತು. ಡಾಕ್ಟರು ವಾರಕ್ಕೆ ಮೂರು ಊರಿನ ಬದಲು ಒಂದು ಊರಿಗೆ ಹೋದರು. ಸಂತೆಯಲ್ಲಿ ಜನ ಅವಳನ್ನು ನೋಡಿ ಮಾತು ನಿಲ್ಲಿಸುತ್ತಿದ್ದರು. ಹಾವು ಕಡಿದ ಒಬ್ಬ ಮುದುಕ ದಾರಿಯಲ್ಲೇ ಹೋದ ಸುದ್ದಿ ಬಂತು. ಅವತ್ತು ಅವಳು ಮನೆ ಬಿಟ್ಟು ಹೊರಬರಲಿಲ್ಲ, ಗಂಡನ ಕೈಗೆ ಕೊಬ್ಬರಿ ಎಣ್ಣೆ ತಿಕ್ಕುತ್ತಾ ಕೂತಳು. ಯೂಸುಫ್ ಒಂದು ತಿಂಗಳು ಖಾಲಿ ವಿಮಾನ ಒರೆಸಿ ಒರೆಸಿ ಬೇಸತ್ತು, ಒಂದು ದಿನ ಬಂದು ಹೇಳಿದ: "ಅಕ್ಕಾರ, ಕರಿಹಾಳದಾಗ ಹಾರಾಟ ಚಾಲೂ ಆಗೇತಂತ. ಅವರಿಗೆ ಮೂಲ ಹೆಪ್ಪು ಮೊದಲ ಸಿಕ್ಕೈತಂತ. ಪೈಲಟ್ ಬೇಕಂದಾರ."

"ಇಷ್ಟು ಲಗೂನ ಸಿಕ್ಕಿತಾ?"

"ಸಿಕ್ಕಿರಬೇಕ ಬಿಡ್ರಿ."

ಅವಳಿಗೂ ಹಾಗೇ ಅನ್ನಿಸಿತು, ಅಥವಾ ಹಾಗೆ ಅಂದುಕೊಳ್ಳುವುದಕ್ಕೆ ಆಯಾಸವೇ ಕಾರಣವಾಯಿತು. ಹೋಗಿ ಬಾ ಎಂದಳು.

ಮೇ ಎರಡನೆಯ ವಾರ ಒಂದು ಬೆಳಿಗ್ಗೆ ಅವನ ಫೋನು ಬಂತು. ದನಿ ಕೆಳಗಿತ್ತು. ಹಿಂದಿನ ದಿನ ಮಧ್ಯಾಹ್ನ ಹೆರಿಗೆ ಕಷ್ಟವಾದ ಒಬ್ಬಳನ್ನು ಹುಬ್ಬಳ್ಳಿಗೆ ಒಯ್ದು ಬಂದಿದ್ದ. ನೆಲ ಬಿಟ್ಟು ಏರುವಾಗ ಅದೇ ಸುತ್ತಿಗೆಯ ಸಪ್ಪಳ ಕೇಳಿಸಿತ್ತು. ಹಿಂದೆ ಹೆಣ್ಣುಮಗಳು ನರಳುತ್ತಿದ್ದಳು, ಇಳಿಸುವುದಕ್ಕೆ ಜಾಗವಿರಲಿಲ್ಲ, ಹಾಗೇ ಹೋದ. ರಾತ್ರಿ ವಾಪಸು ತಂದು, ಈಗ ಬೆಳಕಾದ ಮೇಲೆ ಸಿಲಿಂಡರ್ ಬಿಚ್ಚಿದ್ದ.

"ಪಿಸ್ಟನ್ ಕರಗೇತಿ ಅಕ್ಕಾರ. ತೂತು ಬೀಳಾಕ ಕಾಗದದಷ್ಟ ಉಳದಿತ್ತು."

"ತೊಟ್ಟಿ ಎಷ್ಟು ತಾಸಿಗೆ ಆಗತೈತಿ ಅಲ್ಲೆ?"

"ಎರಡು ದಿನಕ್ಕ."

"ಯಾವದೂ ಹಾರಸಬ್ಯಾಡ," ಎಂದು ಹೇಳಿ ಅವಳು ಬಸ್ಸು ಹತ್ತಿದಳು. ಕರಿಹಾಳಕ್ಕೆ ಐದು ತಾಸಿನ ದಾರಿ, ಅರ್ಧಕ್ಕೆ ಡಾಂಬರು ಇಲ್ಲ. ಪ್ರತಿ ಗುಂಡಿಗೂ ಅವಳಿಗೆ ಆ ಹೆರಿಗೆಯ ಹೆಂಗಸು ನೆನಪಾದಳು.

ಯೂಸುಫ್ ಅಂಗಳದಲ್ಲಿ ತೊಟ್ಟಿಗೆ ಹಬೆ ಬಿಡುತ್ತಿದ್ದ. ಆದರೆ ತೊಟ್ಟಿಯ ತಾಯಿ ಹೆಪ್ಪು ಅಲ್ಲಿರಲಿಲ್ಲ. ಅವನು ಊರ ಕಡೆ ಕೈ ತೋರಿಸಿದ. ಕಸ್ತೂರಿ ತನ್ನ ಮನೆಯ ಅಡುಗೆಮನೆಯಲ್ಲಿ, ದೇವರ ಮಾಡದ ಕೆಳಗೆ, ಒದ್ದೆ ಬಟ್ಟೆ ಸುತ್ತಿದ ಸ್ಟೀಲಿನ ಕೊಡದಲ್ಲಿ ಅದನ್ನು ಇಟ್ಟುಕೊಂಡಿದ್ದಳು. ಕೊಡಕ್ಕೆ ಅರಿಶಿನ ಕುಂಕುಮ ಹಚ್ಚಿತ್ತು. ದಾನೇಶ್ವರಿ ಎಂಟು ವರ್ಷದ ಹಿಂದೆ ಕಟ್ಟಿಕೊಟ್ಟ ದಾರವೇ ಇನ್ನೂ ಅದರ ಕುತ್ತಿಗೆಯಲ್ಲಿತ್ತು.

ಕಸ್ತೂರಿ ಅವಳಿಗೆ ಚಾಪೆ ಹಾಸಿ ನೀರು ಕೊಟ್ಟಳು. ನಲವತ್ತರ ಹೆಂಗಸು, ಬಿಸಿಲಿಗೆ ಕಪ್ಪಾದ ಮುಖ.

"ಕೊಲ್ಲು ಅಂತ ಹೇಳಿದ್ನಲ್ಲ, ಕಸ್ತೂರಿ."

"ಹೇಳಿದ್ರಿ. ಮಾಡಾಕ ಆಗಲಿಲ್ರಿ."

"ಮೂಲ ಹೆಪ್ಪು ಬಂತು ಅಂತ ಸುಳ್ಳು ಹೇಳಿದಿ."

"ಹೂಂ. ನಿಮ್ಮ ಊರಿಗೆ ರಸ್ತೆ ಐತಿ. ಇಲ್ಲಿಂದ ದವಾಖಾನಿಗೆ ಐದು ತಾಸು. ನೀವ ಈಗ ಅದ ದಾರಿಲೆ ಬಂದ್ರಿ." ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಗಿತ್ತು. "ನಿನ್ನೆ ವಿಮಾನದಾಗ ಹೋದಾಕಿ ನಮ್ಮ ಓಣ್ಯಾಕಿ. ಕೂಸು ಅಡ್ಡ ತಿರುಗಿತ್ತು. ಇಬ್ಬರೂ ಉಳದಾರ. ಈ ಕೊಡ ಇರಲಿಲ್ಲ ಅಂದ್ರ ಇಬ್ಬರೂ ಹೋಗತಿದ್ರು. ಅದನ್ನರ ಒಪ್ಪಿಕೊಳ್ರಿ."

"ಒಪ್ಪಿಕೊಂಡೆ," ಎಂದಳು ದಾನೇಶ್ವರಿ. ಅದು ನಿಜವಾಗಿತ್ತು. ಯೂಸುಫ್ ತೋರಿಸಿದ ಪಿಸ್ಟನ್ನನ್ನು ಅವಳು ಚೀಲದಲ್ಲಿ ತಂದಿದ್ದಳು. ತೆಗೆದು ಚಾಪೆಯ ಮೇಲಿಟ್ಟಳು. ಅದರ ತಲೆ ಮೇಣದ ಹಾಗೆ ಕರಗಿ ಗುಳಿಬಿದ್ದಿತ್ತು. "ಇನ್ನೊಂದು ಸಲ ಏರಿದ್ರ ಇದು ಒಡೀತಿತ್ತು. ಒಳಗ ಯಾರಿರತಿದ್ರೋ ಅವರೂ ಹೋಗತಿದ್ರು, ಯೂಸುಫನೂ ಹೋಗತಿದ್ದ."

ಕಸ್ತೂರಿ ಅದನ್ನು ಮುಟ್ಟಲಿಲ್ಲ. ನೋಡಿದಳು, ಮುಖ ಆ ಕಡೆ ಮಾಡಿದಳು. "ನಂಗ ಕೈ ಬರೂದಿಲ್ಲ," ಎಂದಳು. "ಎಂಟು ವರ್ಷ ನೋಡ್ಕೊಂಡೇನಿ. ನೀವ ಮಾಡ್ರಿ."

ದಾನೇಶ್ವರಿ ಎದ್ದು ಒಲೆ ಹಚ್ಚಿ ದೊಡ್ಡ ಪಾತ್ರೆಯಲ್ಲಿ ನೀರಿಟ್ಟಳು. ನೀರು ಕಾಯುವ ತನಕ ಇಬ್ಬರೂ ಗೋಡೆಗೆ ಒರಗಿ ಕೂತರು. ಅವಳಿಗೆ ಮಲಗಿಬಿಡಬೇಕು ಎನ್ನಿಸುವಷ್ಟು ಸುಸ್ತಾಗಿತ್ತು. ಮೂವತ್ತೇಳು ಕಡೆ ಫೋನಿನಲ್ಲಿ ಕೊಂದದ್ದು ಬೇರೆ, ಇಲ್ಲಿ ಕೊಡದ ಮುಚ್ಚಳ ತೆಗೆದಾಗ ಹೆಪ್ಪು ಸಣ್ಣಗೆ ನೊರೆಯಾಡುತ್ತಿತ್ತು. ಲೋಕದಲ್ಲಿ ಅವಳ ಕೈಯದು ಎಂದು ಉಳಿದದ್ದು ಅದೊಂದೇ. ಎಷ್ಟು ಚುರುಕಾಗಿದೆ ಎಂದು ಅವಳಿಗೆ ಈಗಲೂ ಹೆಮ್ಮೆಯಾಯಿತು, ಆ ಹೆಮ್ಮೆಗೆ ಅವಳು ನಾಚಿದಳು.

ನೀರು ಮರಳಿತು. ಅವಳು ದಾರ ಬಿಚ್ಚಲಿಲ್ಲ, ಕುಂಕುಮ ಒರೆಸಲಿಲ್ಲ, ಹಾಗೇ ಸುರಿದಳು. ನೊರೆ ಒಮ್ಮೆ ಕೊಡದ ಬಾಯಿತನಕ ಎದ್ದು ನಿಧಾನ ಕುಸಿಯಿತು. ಅಡುಗೆಮನೆ ತುಂಬ ಸುಟ್ಟ ಬೆಲ್ಲದ ವಾಸನೆ ಹಬ್ಬಿತು.

"ಇವತ್ತ ಯಾರಿಗರ ಬ್ಯಾನಿ ಬಂದ್ರ?" ಎಂದು ಕಸ್ತೂರಿ ಕೇಳಿದಳು.

"ರಸ್ತೆ ಮ್ಯಾಲ ಒಯ್ಯಬೇಕು."

"ದಾರ್ಯಾಗ ಹೋದ್ರ?"

ದಾನೇಶ್ವರಿ ಬಗ್ಗಿ ಕೊಡದ ತಳ ನೋಡಿದಳು. ಒಂದು ಸಲದ ಬಿಸಿನೀರಿಗೆ ತಳದ ಹೆಪ್ಪು ಪೂರ್ತಿ ಸಾಯುವುದಿಲ್ಲ, ಬೆಚ್ಚಗಿನ ಮೂಲೆಯಲ್ಲಿ ಚೂರು ಉಳಿದುಕೊಳ್ಳುತ್ತದೆ, ಅದು ಅವಳಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರಲಿಲ್ಲ. ಕಸ್ತೂರಿಗೆ ಗೊತ್ತಿರಲಿಲ್ಲ. ಈಗ ಕೈಬಿಟ್ಟು ಎದ್ದುಹೋದರೆ ಯಾರೂ ಕೇಳುವವರಿರಲಿಲ್ಲ. ಅವಳು ಖಾಲಿ ಪಾತ್ರೆ ತಗೊಂಡು ಹಂಡೆಯಿಂದ ನೀರು ತುಂಬಿ, ಎರಡನೆಯ ಸಲ ಒಲೆಯ ಮೇಲಿಟ್ಟಳು.